ಮುರಿದು ಬಂದ ಮಷೀನು: ಸಹಿಗೆ ಮುಂಚೆ ನೋಡಬೇಕಾದ್ದು, ಆಮೇಲೆ ನೋಡಬೇಕಾದ್ದು

ಹೊಸ ಡ್ರಿಲ್ಲಿಂಗ್ ಮಷೀನು ಬಂದಿದೆ. ಬಾಕ್ಸಿನ ಒಂದು ಮೂಲೆ ಒಳಕ್ಕೆ ಕುಸಿದಿದೆ, ಅಡಿಯ ಹಲಗೆ ಸೀಳಿದೆ. ತಂದವರಿಗೆ ಇನ್ನೂ ಹತ್ತು ಕಡೆ ಹೋಗಬೇಕು, ಪೆನ್ನು ಚಾಚಿ ನಿಂತಿದ್ದಾರೆ. "ಒಳಗೆ ಏನೂ ಆಗಿರಲ್ಲ, ಸಹಿ ಹಾಕಿ" ಅನ್ನುತ್ತಾರೆ. ಏನೂ ಆಗದೆಯೂ ಇರಬಹುದು. ಆದರೆ ಆಗಿದ್ದರೆ ಆ ಖರ್ಚು ಯಾರ ತಲೆಗೆ ಬರುತ್ತದೆ ಅನ್ನುವುದು ಮುಕ್ಕಾಲು ಪಾಲು ತೀರ್ಮಾನವಾಗುವುದು ಆ ಐದು ನಿಮಿಷದಲ್ಲೇ. ಅದೂ ಒಳಗೆ ಏನು ಮುರಿದಿದೆ ಅಂತ ಯಾರಿಗೂ ಗೊತ್ತಾಗುವ ಮುಂಚೆ.

ಸಾಗಣೆಯಲ್ಲಿ ಮಷೀನು ಕೆಟ್ಟರೆ ಅಲ್ಲಿ ಮೂವರು ಇರುತ್ತಾರೆ: ಮಾರಿದವರು, ಸಾಗಿಸಿದವರು, ಕೊಂಡವರು. ಮಾರಿದವರು "ನಾವು ಸರಿಯಾಗೇ ಕಳಿಸಿದ್ವಿ" ಅನ್ನುತ್ತಾರೆ. ಸಾಗಿಸಿದವರು "ಪ್ಯಾಕಿಂಗ್ ಸರಿ ಇರಲಿಲ್ಲ" ಅನ್ನುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೀವು. ಇವರೆಲ್ಲರ ವಾದ ಸುತ್ತುವುದು ಒಂದೇ ಪ್ರಶ್ನೆಯ ಸುತ್ತ: ಇದು ಮುರಿದದ್ದು ಯಾವಾಗ? ಫ್ಯಾಕ್ಟರಿಯಲ್ಲೋ, ದಾರಿಯಲ್ಲೋ, ನಿಮ್ಮ ವರ್ಕ್‌ಶಾಪಿನಲ್ಲೋ? ಅದಕ್ಕೆ ಉತ್ತರ ಹೇಳುವ ಸಾಕ್ಷಿಗಳು ಬಾಕ್ಸಿನಲ್ಲೂ, ಥರ್ಮಾಕೋಲಿನಲ್ಲೂ, ಮುರಿದ ಕಬ್ಬಿಣದಲ್ಲೂ ಇರುತ್ತವೆ. ಅವನ್ನು ಓದಲು ಬರಬೇಕು, ಅಷ್ಟೆ.

ಸಹಿ ಏನು ಹೇಳುತ್ತದೆ

ಡೆಲಿವರಿ ಚೀಟಿಯ ಮೇಲೆ ಏನೂ ಬರೆಯದೆ ಸಹಿ ಹಾಕಿದರೆ ಅದರರ್ಥ ಬರೀ "ಬಂತು" ಅಂತಲ್ಲ, "ಚೆನ್ನಾಗಿರುವ ಸ್ಥಿತಿಯಲ್ಲಿ ಬಂತು" ಅಂತ. ಆಮೇಲೆ ನೀವು ದೂರು ಕೊಡಬಾರದು ಅಂತೇನಿಲ್ಲ. ಆದರೆ ಸಾಬೀತು ಮಾಡುವ ಹೊರೆ ನಿಮ್ಮ ಹೆಗಲಿಗೆ ಬರುತ್ತದೆ. ಸಹಿಯ ಪಕ್ಕದಲ್ಲಿ ಕಂಡದ್ದನ್ನು ಒಂದು ಸಾಲು ಬರೆದಿದ್ದರೆ ಅದೇ ಹೊರೆ ಸಾಗಿಸಿದವರ ಕಡೆ ವಾಲುತ್ತದೆ.

ಏನು ಬರೆಯಬೇಕು? "ಪರಿಶೀಲನೆಗೆ ಒಳಪಟ್ಟು ಸ್ವೀಕರಿಸಿದೆ" ಅಂತ ತುಂಬ ಜನ ಬರೆಯುತ್ತಾರೆ. ಕೇಳಲು ಕಾನೂನಿನ ಮಾತಿನಂತಿದೆ, ಕೆಲಸಕ್ಕೆ ಬರುವುದು ಕಡಿಮೆ. ಯಾಕೆಂದರೆ ಅದು ಯಾವ ಹಾನಿಯನ್ನೂ ಹೇಳುವುದಿಲ್ಲ, ಯಾವ ಬಾಕ್ಸಿನ ಮೇಲೆ ಬೇಕಾದರೂ ಬರೆಯಬಹುದು. ಅದರ ಬದಲು ಕಣ್ಣಿಗೆ ಕಂಡದ್ದನ್ನು ಹಾಗೇ ಬರೆಯಿರಿ: "ಬಲಗಡೆ ಕೆಳಮೂಲೆ ಒಡೆದಿದೆ, ಅಡಿಹಲಗೆ ಸೀಳಿದೆ, ಎರಡು ಪಟ್ಟಿಗಳಲ್ಲಿ ಒಂದು ಇಲ್ಲ, ಅಲುಗಿಸಿದರೆ ಒಳಗೆ ಸದ್ದು." ತಂದವರ ಸಹಿಯನ್ನೂ ಅಲ್ಲೇ ಪಡೆಯಿರಿ. ಬೆರಳಿನಿಂದ ಗೀಚುವ ಪರದೆಯಾದರೆ ಬರೆಯಲು ಜಾಗವೇ ಇರುವುದಿಲ್ಲ, ಅಲ್ವಾ? ಆಗ ಬಾಕ್ಸು ಇನ್ನೂ ಗಾಡಿಯ ಮೇಲೆ ಇರುವಾಗಲೇ, ಹೆಸರಿನ ಚೀಟಿ ಕಾಣುವಂತೆ ಫೋಟೊ ತೆಗೆದು, ಅಲ್ಲೇ ನಿಂತು ಮಾರಿದವರಿಗೆ ಕಳಿಸಿ. ಮೆಸೇಜಿನ ಸಮಯವೇ ನಿಮ್ಮ ಷರಾ.

ಕೆಲವು ಭಾರಿ ಬಾಕ್ಸುಗಳ ಮೇಲೆ ಸಣ್ಣ ಕೊಳವೆ ಇರುವ ಸ್ಟಿಕರ್ ಅಂಟಿಸಿರುತ್ತಾರೆ. ಗೊತ್ತುಮಾಡಿದ ಮಿತಿಗಿಂತ ಜೋರಾದ ಪೆಟ್ಟು ಬಿದ್ದರೆ ಅದು ಕೆಂಪಾಗುತ್ತದೆ. ಕೆಂಪು ಕಂಡ ಕೂಡಲೇ ವಾಪಸ್ ಕಳಿಸಬೇಕು ಅಂತ ಅನಿಸುವುದು ಸಹಜ. ಆದರೆ ಇಂಥ ಸ್ಟಿಕರುಗಳ ಪಕ್ಕದಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ: ನಿರಾಕರಿಸಬೇಡಿ, ಚೀಟಿಯಲ್ಲಿ ನಮೂದಿಸಿ, ಒಳಗೆ ಪರೀಕ್ಷಿಸಿ. ದಾರಿಯಲ್ಲಿ ಎಲ್ಲೋ ಪೆಟ್ಟು ಬಿದ್ದಿದೆ ಅನ್ನುವುದಷ್ಟೇ ಅದರ ಸಾಕ್ಷ್ಯ. ಮಷೀನು ಕೆಟ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ.

ನಿರಾಕರಿಸುವುದೋ, ಬರೆದು ತೆಗೆದುಕೊಳ್ಳುವುದೋ? ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ಪಾರ್ಸೆಲ್ ಪೂರ್ತಿ ಜಜ್ಜಿಹೋಗಿದ್ದರೆ ವಾಪಸ್ ಕೊಟ್ಟುಬಿಡಿ. ಭಾರದ ಮಷೀನಾದರೆ ಷರಾ ಬರೆದು ಇಳಿಸಿಕೊಳ್ಳುವುದು ಮೇಲು. ವಾಪಸ್ ಹೋದ ಭಾರದ ಬಾಕ್ಸು ಯಾವುದೋ ಗೋಡೌನಿನಲ್ಲಿ ಕೂರುತ್ತದೆ, ಇನ್ನೆರಡು ಸಲ ಎತ್ತಿ ಇಳಿಸುತ್ತಾರೆ, ಮತ್ತಷ್ಟು ಮುರಿಯುತ್ತದೆ. ಸಾಕ್ಷಿ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಹೊರಗೆ ಏನೂ ಕಾಣದೆ, ಬಿಚ್ಚಿದ ಮೇಲೆ ಗೊತ್ತಾಗುವ ಹಾನಿಗೆ ಗಡುವು ಇರುತ್ತದೆ. ಅದು ಯಾವ ದಾರಿಯಲ್ಲಿ ಬಂತು ಅನ್ನುವುದರ ಮೇಲೆ ನಿಂತಿದೆ. ದೇಶದಿಂದ ದೇಶಕ್ಕೆ ರಸ್ತೆಯಲ್ಲಿ ಸಾಗುವ ಸರಕಿಗೆ ಯುರೋಪಿನಲ್ಲಿ ಮುಖ್ಯವಾಗಿ ಬಳಕೆಯಲ್ಲಿರುವ 1956ರ ಸಿಎಂಆರ್ ಒಪ್ಪಂದದಲ್ಲಿ 7 ದಿನ, ಭಾನುವಾರ ಮತ್ತು ರಜಾದಿನ ಬಿಟ್ಟು. ಹಡಗಿನ ಸರಕಿಗೆ ಹೇಗ್-ವಿಸ್ಬಿ ನಿಯಮಗಳಲ್ಲಿ ಬರೀ 3 ದಿನ. ವಿಮಾನದ ಸರಕಿಗೆ 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ 14 ದಿನ. ಮೊದಲಿನ ಎರಡರಲ್ಲಿ ಗಡುವು ಮೀರಿದರೆ ಸರಕು ಸರಿಯಾಗೇ ಬಂತೆಂದು ಊಹಿಸುತ್ತಾರೆ, ಅಲ್ಲ ಅಂತ ನೀವು ತೋರಿಸಬಹುದು. ವಿಮಾನದ್ದು ಮಾತ್ರ ಕಟ್ಟುನಿಟ್ಟು: ಗಡುವಿನೊಳಗೆ ಬರೆದು ದೂರು ಕೊಡದಿದ್ದರೆ, ಸಾಗಿಸಿದವರ ಕಡೆಯಿಂದ ಮೋಸ ನಡೆದಿದ್ದರೆ ಹೊರತು, ದಾವೆಯೇ ನಿಲ್ಲುವುದಿಲ್ಲ. ದೇಶದೊಳಗಿನ ಸಾಗಣೆಗೆ, ಕೊರಿಯರ್‌ಗಳಿಗೆ, ಆನ್‌ಲೈನ್ ಅಂಗಡಿಗಳಿಗೆ ಅವರವರದೇ ಗಡುವುಗಳಿವೆ. ಕೆಲವು 24 ಗಂಟೆಗೂ ಇಳಿಯುತ್ತವೆ. ಆದ್ದರಿಂದ "ಬಿಡುವಾದಾಗ ಬಿಚ್ಚೋಣ" ಅಂತ ಬಾಕ್ಸನ್ನು ಮೂಲೆಗೆ ತಳ್ಳುವುದು ಬೇಡ.

ರಿಸ್ಕ್ ಯಾರದು, ಪರಿಹಾರ ಎಷ್ಟು

ದುಡ್ಡು ಕೊಟ್ಟ ಕೂಡಲೇ ಮಷೀನು ನಮ್ಮದಾಯಿತು ಅಂದುಕೊಳ್ಳುತ್ತೇವೆ. ರಿಸ್ಕ್ ಕೈ ಬದಲಾಗುವುದು ಬೇರೆ ಕ್ಷಣದಲ್ಲಿ. ಮನೆ ಬಳಕೆಗೆ ಕೊಂಡವರಿಗೆ ಹಲವು ಕಡೆ ಕಾನೂನೇ ರಕ್ಷಣೆ ಕೊಡುತ್ತದೆ. ಉದಾಹರಣೆಗೆ ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ, ವಸ್ತು ಗ್ರಾಹಕರ ಕೈಸೇರುವವರೆಗೆ ರಿಸ್ಕ್ ಮಾರಿದವರದ್ದೇ. ಅಂಥ ಕಡೆ ಸಾಗಿಸಿದವರ ಜೊತೆ ಗುದ್ದಾಡುವುದು ನಿಮ್ಮ ಕೆಲಸವಲ್ಲ. ಆದರೆ ಅದರಲ್ಲೇ ಒಂದು ಗುಟ್ಟಿದೆ: ಮಾರುವವರು ಸೂಚಿಸದ ಲಾರಿಯನ್ನು ನೀವೇ ಗೊತ್ತುಮಾಡಿ ಕಳಿಸಿದರೆ, ಆ ಲಾರಿಗೆ ಹತ್ತಿಸಿದ ಕ್ಷಣವೇ ರಿಸ್ಕ್ ನಿಮ್ಮದು. ಬಾಡಿಗೆ ಉಳಿಸಲು ಹೋಗಿ ಇದರಲ್ಲಿ ಸಿಕ್ಕಿಕೊಳ್ಳುವವರು ಜಾಸ್ತಿ.

ವರ್ಕ್‌ಶಾಪಿನ ಹೆಸರಿನಲ್ಲಿ, ಅದರಲ್ಲೂ ಹೊರದೇಶದಿಂದ ತರಿಸಿದರೆ ಲೆಕ್ಕ ಬೇರೆ. ಅಲ್ಲಿ ಇನ್‌ವಾಯ್ಸಿನ ಮೇಲಿರುವ ಮೂರು ಅಕ್ಷರ ನೋಡಬೇಕು. ಖರ್ಚು, ರಿಸ್ಕ್ ಎಲ್ಲಿಯ ತನಕ ಯಾರದು ಅಂತ ಹೇಳುವ, ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲು ಹೊರತಂದ ಇನ್‌ಕೋಟರ್ಮ್ಸ್ ಇವು. ಈಗಿನ 2020ರ ಆವೃತ್ತಿಯಲ್ಲಿ ಇಂಥ 11 ಪದಗಳಿವೆ. ಇಎಕ್ಸ್‌ಡಬ್ಲ್ಯು ಅಂದರೆ ಮಾರಿದವರ ಅಂಗಳದಲ್ಲೇ ರಿಸ್ಕ್ ನಿಮಗೆ ದಾಟಿತು. ಸಿಐಎಫ್ ಜನರನ್ನು ಹೆಚ್ಚು ಗೊಂದಲಕ್ಕೆ ಬೀಳಿಸುತ್ತದೆ. ಅದರಲ್ಲಿ ಹಡಗಿನ ಬಾಡಿಗೆಯನ್ನೂ ವಿಮೆಯನ್ನೂ ಮಾರಿದವರೇ ಕಟ್ಟುತ್ತಾರೆ, ಆದರೆ ಸರಕು ಹಡಗು ಹತ್ತಿದ ಮೇಲೆ ರಿಸ್ಕ್ ಮಾತ್ರ ಕೊಂಡವರದು. ದಾರಿಯಲ್ಲಿ ಮುರಿದರೆ ಆ ವಿಮೆಯ ಕಾಗದ ಹಿಡಿದು ಓಡಾಡಬೇಕಾದವರು ನೀವು. ಡಿಎಪಿ ಅಂತಿದ್ದರೆ ನಿಮ್ಮ ಬಾಗಿಲ ತನಕ ಅವರ ಹೊಣೆ. ಆದರೆ ಗಾಡಿಯಿಂದ ಇಳಿಸುವುದು ನಿಮ್ಮದು. ಇಳಿಸುವಾಗ ಜಾರಿ ಬಿದ್ದರೆ ಅದೂ ನಿಮ್ಮದೇ.

ಇನ್ನು ಪರಿಹಾರ. ಸಾಗಿಸಿದವರು ಮಷೀನಿನ ಪೂರ್ತಿ ಬೆಲೆ ಕೊಡುತ್ತಾರೆ ಅಂತ ಲೆಕ್ಕ ಹಾಕಬೇಡಿ. ಸಿಎಂಆರ್‌ನಲ್ಲಿ ಮಿತಿ ಕಿಲೋಗೆ 8.33 ಎಸ್‌ಡಿಆರ್. ಮಾಂಟ್ರಿಯಲ್ ಒಪ್ಪಂದದಲ್ಲಿ 2024ರ ಡಿಸೆಂಬರ್ ಕೊನೆಯಿಂದ ಕಿಲೋಗೆ 26 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಡಾಲರ್, ಯೂರೊ, ಯುವಾನ್, ಯೆನ್, ಪೌಂಡ್ ಐದನ್ನೂ ಸೇರಿಸಿ ಕಟ್ಟುವ ಲೆಕ್ಕದ ಹಣ. ಗಮನಿಸಿ, ಇಲ್ಲಿ ಅಳತೆ ತೂಕದ್ದು, ಬೆಲೆಯದ್ದಲ್ಲ. 300 ಕಿಲೋ ತೂಗುವ ಸಾದಾ ಲೇತ್‌ಗೆ ಈ ಲೆಕ್ಕದಲ್ಲಿ ಪರವಾಗಿಲ್ಲ ಅನ್ನುವಷ್ಟು ಬರಬಹುದು. ಅರ್ಧ ಕಿಲೋ ತೂಗುವ ದುಬಾರಿ ಅಳತೆ ಉಪಕರಣಕ್ಕೆ ಬರುವುದು ಪುಡಿಗಾಸು. ಹಗುರವಾದ, ದುಬಾರಿಯಾದ ಸಾಮಾನಿಗೇ ವಿಮೆ ಹೆಚ್ಚು ಬೇಕಾಗುವುದು.

ಬಾಕ್ಸ್ ಚೆನ್ನಾಗಿದೆ, ಒಳಗೆ ಮುರಿದಿದೆ

ಮೇಲೆ ಥಳುಕು ಒಳಗೆ ಹುಳುಕು ಅನ್ನುವ ಹಾಗೆ, ಬಾಕ್ಸಿನ ಮೇಲೆ ಒಂದು ಗೀರೂ ಇಲ್ಲದೆ ಒಳಗಿನ ಮಷೀನಿನ ಕಾಲೇ ಮುರಿದಿರುವುದುಂಟು. ಇದರಲ್ಲಿ ಮೋಸವೇನೂ ಇರಬೇಕಾಗಿಲ್ಲ.

ಬಿದ್ದ ವಸ್ತುವಿಗೆ ಎಷ್ಟು ಪೆಟ್ಟಾಗುತ್ತದೆ ಅನ್ನುವುದು ಎಷ್ಟು ಎತ್ತರದಿಂದ ಬಿತ್ತು ಅನ್ನುವುದರಷ್ಟೇ, ಎಷ್ಟು ದೂರದಲ್ಲಿ ನಿಂತಿತು ಅನ್ನುವುದರ ಮೇಲೂ ಇದೆ. ಸರಳ ಲೆಕ್ಕ: ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. 4 ಕಿಲೋ ತೂಕದ ಡ್ರಿಲ್ 75 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿತ್ತು ಅನ್ನಿ. ರಟ್ಟು ಮಾತ್ರ ಇದ್ದು 5 ಮಿಲಿಮೀಟರಿನಲ್ಲಿ ನಿಂತರೆ, ಸರಾಸರಿ ಪೆಟ್ಟು ಸುಮಾರು ಅದರ ತೂಕದ 150 ಪಟ್ಟು, ಅಂದರೆ 600 ಕಿಲೋ ಭಾರ ಹೇರಿದ ಹಾಗೆ. ಸುತ್ತ ಫೋಮ್ ಇದ್ದು ಅದು 50 ಮಿಲಿಮೀಟರ್ ಅದುಮಿಕೊಂಡರೆ ಅದೇ ಪೆಟ್ಟು 15 ಪಟ್ಟಿಗೆ, 60 ಕಿಲೋಗೆ ಇಳಿಯುತ್ತದೆ. ಪ್ಯಾಕಿಂಗಿನ ಕೆಲಸವೆಲ್ಲ ಇಷ್ಟೆ: ನಿಲ್ಲಲು ದೂರ ಕೊಡುವುದು.

ಥರ್ಮಾಕೋಲ್ ಆ ದೂರವನ್ನು ಕೊಡುವುದು ತಾನು ಪುಡಿಯಾಗಿ. ಒಮ್ಮೆ ಪುಡಿಯಾದರೆ ಮತ್ತೆ ಉಬ್ಬುವುದಿಲ್ಲ. ಮೊದಲ ಬೀಳುವಿಕೆಯಲ್ಲಿ ಮಷೀನು ಉಳಿಯುತ್ತದೆ, ಥರ್ಮಾಕೋಲ್ ಹೋಗುತ್ತದೆ. ಎರಡನೇ ಸಲ ಬಿದ್ದಾಗ ಒಳಗೆ ಬರೀ ಖಾಲಿ ಜಾಗ. ರಟ್ಟಿನ ಬಾಕ್ಸಿಗೆ ಬಾಗಿ ಮತ್ತೆ ಮೊದಲಿನಂತಾಗುವ ಗುಣ ಇರುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಹಾಗಾಗಿ ಬಿಚ್ಚುವಾಗ ಪುಡಿಯಾದ ಥರ್ಮಾಕೋಲಿನ ಫೋಟೊ ತೆಗೆಯುವುದು ಮುರಿದ ಭಾಗದ ಫೋಟೊದಷ್ಟೇ ಮುಖ್ಯ. ಯಾವ ಕಡೆ ಪುಡಿಯಾಗಿದೆಯೋ ಆ ಕಡೆಗೇ ಬಿದ್ದಿದೆ. ಬಾಕ್ಸು ಹೊರಗಿನಿಂದ ಚುಚ್ಚಿಹೋಗಿದ್ದರೆ, ಫೋರ್ಕ್‌ಲಿಫ್ಟಿನ ಕೊಂಬು ನುಗ್ಗಿದಂತಿದ್ದರೆ, ಬೆರಳು ಸಾಗಿಸಿದವರತ್ತ ತಿರುಗುತ್ತದೆ. ಬಾಕ್ಸು ನೆಟ್ಟಗಿದ್ದು ಒಳಗೆ ತೆಳ್ಳಗಿನ ಎರಡು ಥರ್ಮಾಕೋಲ್ ತುಂಡು ಮಾತ್ರ ಇದ್ದರೆ ಮಾರಿದವರತ್ತ. ಪ್ಯಾಕಿಂಗ್ ಸಾಲದೆ ಕೆಟ್ಟರೆ ಹೊಣೆಯಿಲ್ಲ ಅಂತ ಸಾಗಣೆಯ ಒಪ್ಪಂದಗಳಲ್ಲೇ ಇದೆ. ಅದಕ್ಕೇ ಸಾಗಿಸುವವರು ಮೊದಲು ಹಿಡಿಯುವ ಎಳೆ ಅದು. ತೀರ್ಮಾನವಾಗುವ ತನಕ ಡಬ್ಬ, ಥರ್ಮಾಕೋಲ್, ಪಟ್ಟಿ, ಯಾವುದನ್ನೂ ಬಿಸಾಡಬೇಡಿ.

ಬೀಳದೆಯೂ ಕೆಡುತ್ತದೆ. ಸಾವಿರ ಕಿಲೋಮೀಟರ್ ಲಾರಿಯಲ್ಲಿ ಅದುರಿದರೆ ಸ್ಕ್ರೂಗಳು ಸಡಿಲವಾಗುತ್ತವೆ. ಜೋಡಿಸಿದ ಎರಡು ಭಾಗಗಳು ಅಡ್ಡಡ್ಡ ಜಾರಿ ಅದುರಿದರೆ ಬೋಲ್ಟು ತಾನಾಗೇ ತಿರುಚಿಕೊಂಡು ಬಿಚ್ಚುತ್ತದೆ ಅಂತ 1969ರಲ್ಲಿ ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಪ್ರಯೋಗ ಮಾಡಿ ತೋರಿಸಿದರು. ಬಾಕ್ಸಿನ ತಳದಲ್ಲಿ ಸಿಗುವ ಒಂಟಿ ನಟ್ಟನ್ನು "ಎಕ್ಸ್‌ಟ್ರಾ ಕೊಟ್ಟಿದಾರೆ" ಅಂತ ಡ್ರಾಯರಿಗೆ ಹಾಕಬೇಡಿ. ಅದು ಎಲ್ಲಿಂದ ಬಿತ್ತು ಅಂತ ಹುಡುಕಿ.

ಬೀಡು ಕಬ್ಬಿಣ ಯಾಕೆ ಮುರಿಯುತ್ತದೆ

ಇಷ್ಟು ದಪ್ಪದ ಕಬ್ಬಿಣ ಹೇಗೆ ಮುರಿಯಿತು ಅಂತ ಎಲ್ಲರಿಗೂ ಆಶ್ಚರ್ಯ. ವೈಸ್, ಡ್ರಿಲ್ಲಿಂಗ್ ಮಷೀನಿನ ಬೇಸು, ಲೇತಿನ ಬೆಡ್ಡು, ಮರ ಕೊಯ್ಯುವ ಮಷೀನಿನ ಮೇಲ್ಮೈ ಇವೆಲ್ಲ ಹೆಚ್ಚಾಗಿ ಬೂದು ಬೀಡು ಕಬ್ಬಿಣ. ಅದರಲ್ಲಿ ಇಂಗಾಲ ನೂರಕ್ಕೆ 2.5ರಿಂದ 4ರಷ್ಟು. ಅದರ ಬಹುಪಾಲು ತೆಳ್ಳನೆ ಗ್ರಾಫೈಟ್ ಹಾಳೆಗಳಾಗಿ ಕಬ್ಬಿಣದ ಒಳಗೆಲ್ಲ ಹರಡಿರುತ್ತದೆ. ಗ್ರಾಫೈಟಿಗೆ ಸ್ವಂತ ಬಲ ಇಲ್ಲ. ಎಳೆತಕ್ಕೆ ಒಳಗಾದಾಗ ಆ ಒಂದೊಂದು ಹಾಳೆಯೂ ಮೊದಲೇ ಇದ್ದ ಸಣ್ಣ ಬಿರುಕಿನಂತೆ ವರ್ತಿಸುತ್ತದೆ. ಒತ್ತಿದರೆ ತಡೆಯುತ್ತದೆ, ಬಾಗಿಸಿದರೆ ಪಟ್ಟಂತ ಹೋಗುತ್ತದೆ, ಥೇಟ್ ಸೀಮೆಸುಣ್ಣದ ಹಾಗೆ. ಎಳೆತಕ್ಕಿಂತ ಮೂರು ನಾಲ್ಕು ಪಟ್ಟು ಒತ್ತಡವನ್ನು ಅದು ತಾಳುತ್ತದೆ. ಸಾದಾ ಉಕ್ಕು ಮುರಿಯುವ ಮುಂಚೆ ನೂರಕ್ಕೆ 20ಕ್ಕೂ ಹೆಚ್ಚು ಹಿಗ್ಗಬಲ್ಲದು, ಬಾಗಿ ಸೂಚನೆ ಕೊಡುತ್ತದೆ. ಬೂದು ಬೀಡು ನೂರಕ್ಕೆ 1ರಷ್ಟೂ ಹಿಗ್ಗುವುದಿಲ್ಲ.

ಹಾಗಾದರೆ ಅದನ್ನೇ ಯಾಕೆ ಬಳಸುತ್ತಾರೆ? ಅದೇ ಗ್ರಾಫೈಟ್ ಅದುರುವಿಕೆಯನ್ನು ನುಂಗುತ್ತದೆ, ಜಾರುವ ಮೇಲ್ಮೈಗೆ ಒಳ್ಳೆಯದು, ಕೊರೆಯಲು ಸುಲಭ, ಎರಕ ಹೊಯ್ಯಲು ಅಗ್ಗ. ಮಷೀನು ಕೆಲಸ ಮಾಡುವಾಗ ಬೇಕಾದ ಗುಣವೇ ಲಾರಿಯಲ್ಲಿ ಕುಳಿತಾಗ ಅದರ ಶತ್ರು.

ಭಾರದ ಮಷೀನುಗಳಲ್ಲಿ ಇನ್ನೊಂದು ತೊಂದರೆ ಇದೆ. ಉದ್ದ ಕಂಬದ ಡ್ರಿಲ್ಲಿಂಗ್ ಮಷೀನಿನಲ್ಲಿ ಮೋಟಾರು, ಹೆಡ್ಡು ಎಲ್ಲ ಮೇಲಿರುತ್ತವೆ. ಯಾರೂ ಅದನ್ನು ಎತ್ತಿ ಎಸೆಯುವುದಿಲ್ಲ, ಆದರೆ ಅದು ಅಡ್ಡ ಬೀಳುತ್ತದೆ. ಬಿದ್ದರೆ ತಲೆಯ ಭಾಗ ಇದ್ದಷ್ಟು ಎತ್ತರದಿಂದ ಬಿದ್ದ ಹಾಗೇ ಲೆಕ್ಕ. ಮೊದಲು ಮುರಿಯುವುದು ಚಾಚಿಕೊಂಡಿರುವ ಭಾಗಗಳು: ಬೋಲ್ಟು ಹಾಕುವ ಕಿವಿಗಳು, ಕಾಲುಗಳು, ಕೈಚಕ್ರದ ಹಿಡಿ, ಮೋಟಾರು ಕೂರಿಸಿದ ತಟ್ಟೆ, ಪುಲ್ಲಿಯ ಅಂಚು. ಬಿಚ್ಚಿದ ಮೇಲೆ ಕಣ್ಣು ಮೊದಲು ಅಲ್ಲಿಗೆ ಹೋಗಲಿ.

ಬಿರುಕು ಕಂಡುಹಿಡಿಯುವುದು

ಬಣ್ಣ ಬಳಿದ ಬೀಡಿನಲ್ಲಿ ಕೂದಲೆಳೆಯ ಬಿರುಕು ಸುಮ್ನೆ ನೋಡಿದರೆ ಕಾಣುವುದಿಲ್ಲ. ಹಳೆಯ ವರ್ಕ್‌ಶಾಪುಗಳ ಉಪಾಯ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅನುಮಾನ ಇರುವ ಜಾಗವನ್ನು ಒರೆಸಿ, ಗ್ರೀಸ್ ತೆಗೆದು, ಬ್ರಷ್ಷಿನಿಂದ ಸೀಮೆಎಣ್ಣೆ ಹಚ್ಚಿ. ಕಾಲು ಗಂಟೆ ಬಿಡಿ. ಹತ್ತಿರದಲ್ಲಿ ಬೆಂಕಿ, ಕಿಡಿ ಬೇಡ. ಆಮೇಲೆ ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ನುಣ್ಣನೆ ಪುಡಿ ಉದುರಿಸಿ. ಬಿರುಕು ಇದ್ದರೆ ಒಳಗೆ ಇಳಿದಿದ್ದ ಸೀಮೆಎಣ್ಣೆ ನಿಧಾನವಾಗಿ ಮೇಲಕ್ಕೆ ಬಂದು, ಬಿಳಿ ಪುಡಿಯಲ್ಲಿ ಒದ್ದೆ ಗೆರೆಯೊಂದು ಮೂಡುತ್ತದೆ. ಬಣ್ಣ ಮಾತ್ರ ಸೀಳಿದ್ದರೆ ಒಳಗೆ ಇಳಿಯಲು ಆಳ ಇಲ್ಲದ್ದರಿಂದ ಗೆರೆ ಮಸುಕಾಗಿರುತ್ತದೆ ಅಥವಾ ಮೂಡುವುದೇ ಇಲ್ಲ. ಈಗ ಡಬ್ಬಿಯಲ್ಲಿ ಸಿಗುವ ಕೆಂಪು ಬಣ್ಣದ ಡೈ ಪೆನೆಟ್ರಂಟ್ ಇದೇ ತತ್ವದ ಸುಧಾರಿತ ರೂಪ. ಆದರೆ ಹಚ್ಚುವ ಮುಂಚೆ ಇದ್ದ ಸ್ಥಿತಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಪೂರ್ತಿ ಮುರಿದಿದ್ದರೆ ಮುರಿದ ಮುಖವನ್ನು ಬೆಳಕಿಗೆ ಹಿಡಿಯಿರಿ. ಯಾವಾಗ ಮುರಿಯಿತು ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹೊಸದಾಗಿ ಮುರಿದ ಬೀಡು ಒಂದೇ ಸಮನಾಗಿ ಬೂದಿ ಬಣ್ಣ, ಹರಳು ಹರಳಾಗಿ, ಶುಭ್ರವಾಗಿ ಇರುತ್ತದೆ. ಬಿರುಕಿನೊಳಗೆ ಮಷೀನಿನದೇ ಬಣ್ಣ ಹರಿದು ಒಣಗಿದ್ದರೆ ಬಣ್ಣ ಬಳಿಯುವ ಮುಂಚೆಯೇ, ಅಂದರೆ ಫ್ಯಾಕ್ಟರಿಯಲ್ಲೇ ಸೀಳಿತ್ತು. ಒಂದು ಭಾಗ ಕಪ್ಪಗೆ, ಎಣ್ಣೆ ಕುಡಿದು ತುಕ್ಕು ಹಿಡಿದಿದ್ದು, ಉಳಿದದ್ದು ಮಾತ್ರ ಹೊಸ ಬೂದಿ ಬಣ್ಣವಾದರೆ ಹಳೆಯ ಬಿರುಕು ದಾರಿಯಲ್ಲಿ ಪೂರ್ತಿಯಾಯಿತು ಅಂತ. ಉರುಟು ಗುಳಿಗಳು ಕಂಡರೆ ಅದು ಎರಕದಲ್ಲಿ ಗಾಳಿ ಸೇರಿದ ದೋಷ. ಇವುಗಳನ್ನು ಹತ್ತಿರದಿಂದ, ಪಕ್ಕದಿಂದ ಬೆಳಕು ಬಿಟ್ಟು ಫೋಟೊ ತೆಗೆಯಿರಿ. ಮುರಿದ ಮುಖಗಳನ್ನು ಒಂದಕ್ಕೊಂದು ಹೊಂದಿಸಿ ಉಜ್ಜಬೇಡಿ, ಆ ಹರಳುಗಳು ಅಳಿಸಿಹೋಗುತ್ತವೆ.

ಬೇರಿಂಗಿನ ಹಾನಿ ಕಣ್ಣಿಗೆ ಕಾಣುವುದೇ ಇಲ್ಲ. ಜೋರಾಗಿ ಪೆಟ್ಟು ಬಿದ್ದರೆ ಒಳಗಿನ ಗುಂಡುಗಳು ತಾವು ಓಡುವ ಹಾದಿಯಲ್ಲಿ ಗುಳಿ ಒತ್ತುತ್ತವೆ. ಇದಕ್ಕೆ ಬ್ರಿನೆಲಿಂಗ್ ಅನ್ನುತ್ತಾರೆ. 1900ರಲ್ಲಿ ಲೋಹದ ಮೇಲೆ ಗಟ್ಟಿ ಗುಂಡನ್ನು ಒತ್ತಿ, ಬಿದ್ದ ಗುಳಿಯಿಂದ ಗಡಸುತನ ಅಳೆಯುವ ವಿಧಾನ ತಂದ ಸ್ವೀಡನ್ನಿನ ಎಂಜಿನಿಯರ್ ಯೋಹಾನ್ ಆಗಸ್ಟ್ ಬ್ರಿನೆಲ್ ಅವರ ಹೆಸರು ಅದು. ಬೀಳದೆಯೂ ಹೆಚ್ಚುಕಮ್ಮಿ ಇಂಥದೇ ಗುರುತು ಮೂಡುತ್ತದೆ. ತಿರುಗದೆ ನಿಂತ ಬೇರಿಂಗು ದಾರಿಯುದ್ದಕ್ಕೂ ಅದುರಿದರೆ, ಗುಂಡು ಕೂತ ಜಾಗದಲ್ಲೇ ಗ್ರೀಸ್ ಸರಿದು ಲೋಹ ಸವೆಯುತ್ತದೆ. ಹೊಸ ಕಾರುಗಳನ್ನು ರೈಲಿನಲ್ಲಿ ದೂರ ಸಾಗಿಸಿದಾಗ ಚಕ್ರದ ಬೇರಿಂಗುಗಳು ಓಡುವ ಮುಂಚೆಯೇ ಕೆಟ್ಟದ್ದನ್ನು 1930ರ ದಶಕದಲ್ಲಿ ಹೀಗೇ ಪತ್ತೆ ಹಚ್ಚಿದ್ದರು. ಪರೀಕ್ಷೆ ಸುಲಭ: ಬೆಲ್ಟ್ ಕಳಚಿ, ಸ್ಪಿಂಡಲನ್ನು, ಅಂದರೆ ತಿರುಗುವ ದಂಡವನ್ನು, ಬೆರಳಿನಿಂದ ಬಹಳ ನಿಧಾನ ತಿರುಗಿಸಿ. ನುಣ್ಣಗೆ ತಿರುಗಬೇಕು. ಸಮ ದೂರದಲ್ಲಿ ಸಣ್ಣ ಸಣ್ಣ ತಡೆ ಬೆರಳಿಗೆ ಹತ್ತಿದರೆ ಗುಂಡುಗಳು ಗುಳಿಗೆ ಇಳಿದು ಹತ್ತುತ್ತಿವೆ ಅಂತ ತಿಳಿಯಿರಿ. ಡಯಲ್ ಗೇಜ್ ಇದ್ದರೆ ಸ್ಪಿಂಡಲಿನ ಓಲಾಟವನ್ನೂ ನೋಡಿ, ಕೈಪಿಡಿಯಲ್ಲಿ ಕೊಟ್ಟ ಮಿತಿಗೆ ಹೋಲಿಸಿ ಬರೆದಿಡಿ.

ಗ್ರೈಂಡರ್ ತರಿಸಿದ್ದರೆ ಸಾಣೆಕಲ್ಲಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. 150 ಮಿಲಿಮೀಟರ್ ಕಲ್ಲು ನಿಮಿಷಕ್ಕೆ 2850 ಸುತ್ತು ತಿರುಗಿದರೆ ಅಂಚಿನ ವೇಗ ಗಂಟೆಗೆ 80 ಕಿಲೋಮೀಟರ್. ಬಿರುಕು ಬಿಟ್ಟ ಕಲ್ಲು ಆ ವೇಗದಲ್ಲಿ ಚೂರಾಗಿ ಸಿಡಿಯುತ್ತದೆ. ಹಾಕುವ ಮುಂಚೆ ಕಲ್ಲನ್ನು ಒಣಗಿರುವಾಗ ಬೆರಳಿಗೆ ತೂಗುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ನೆಟ್ಟನೆ ಗೆರೆಯಿಂದ 45 ಡಿಗ್ರಿ ಪಕ್ಕಕ್ಕೆ, ಅಂಚಿನಿಂದ 25ರಿಂದ 50 ಮಿಲಿಮೀಟರ್ ಒಳಗೆ, ಎರಡೂ ಬದಿ. ಕಲ್ಲನ್ನು ತಿರುಗಿಸಿ ಇನ್ನೊಮ್ಮೆ. ಸರಿಯಿರುವ ಕಲ್ಲು ಠಣ್ ಅನ್ನುತ್ತದೆ. ದಪ್ ಅಂದರೆ ಅದನ್ನು ಯಾರೂ ಬಳಸದ ಹಾಗೆ ಗುರುತು ಹಾಕಿ ಪಕ್ಕಕ್ಕಿಡಿ. ಇದು ಸುಟ್ಟು ಮಾಡಿದ ಗಟ್ಟಿ ಕಲ್ಲಿಗೆ ಸಲ್ಲುವ ಪರೀಕ್ಷೆ. ಆಂಗಲ್ ಗ್ರೈಂಡರಿನ ತೆಳು ರೆಸಿನ್ ಡಿಸ್ಕುಗಳು ಹಾಗೆ ನಾದ ಕೊಡುವುದಿಲ್ಲ. ಅವುಗಳ ಅಂಚು, ಮಧ್ಯದ ರಂಧ್ರ, ಲೋಹದ ಬಳೆಯ ಮೇಲಿನ ವಾಯಿದೆ ನೋಡಿ. ಅನುಮಾನ ಬಂದರೆ ಬಿಡಿ.

ಇಷ್ಟೆಲ್ಲ ಮುಗಿಯುವ ತನಕ ಕರೆಂಟು ಕೊಡಬೇಡಿ. ಸಾಗಣೆಗೆಂದು ಹಾಕಿದ ಲಾಕು, ಪಟ್ಟಿಗಳು ಇನ್ನೂ ಇದ್ದರೆ ಮೋಟಾರು ಸುಡಬಹುದು. ವೈರಿನ ಹೊದಿಕೆ ಹರಿದು ಮಷೀನಿನ ಮೈಗೆ ತಾಗಿದ್ದರೆ ಶಾಕ್. ಒಮ್ಮೆ ಓಡಿಸಿದ ಮೇಲೆ "ನೀವೇ ಕೆಡಿಸಿದ್ದು" ಅನ್ನಲು ದಾರಿ ಆಗುತ್ತದೆ. ಬ್ಯಾಟರಿ ಮಷೀನಿನ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ, ಕವಚ ಬಿರಿದಿದ್ದರೆ ಚಾರ್ಜಿಗೆ ಹಾಕಲೇಬೇಡಿ, ಉರಿಯುವ ವಸ್ತುಗಳಿಂದ ದೂರ ಇಡಿ. ಅದನ್ನು ಮತ್ತೆ ಅದೇ ಡಬ್ಬಕ್ಕೆ ಹಾಕಿ ಕೊರಿಯರ್ ಮಾಡುವುದೂ ತಪ್ಪು. ಹಾಳಾದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವುದು ನಿಷಿದ್ಧ. ಮಾರಿದವರಿಗೆ ತಿಳಿಸಿ, ಹೇಗೆ ವಾಪಸ್ ಪಡೆಯುತ್ತೀರಿ ಅಂತ ಅವರನ್ನೇ ಕೇಳಿ.

ಏನನ್ನು ಒಪ್ಪಬಹುದು

ಹಾನಿ ಕಂಡ ಕೂಡಲೇ ಪೂರ್ತಿ ಮಷೀನು ವಾಪಸ್ ಅನ್ನುವುದು ಯಾವಾಗಲೂ ಜಾಣತನವಲ್ಲ. ಬಣ್ಣ ಕಿತ್ತಿದೆ, ತಗಡಿನ ಕವರು ನೆಗ್ಗಿದೆ, ಹೊಳಪಿನ ಮೇಲ್ಮೈಗೆ ತೆಳು ತುಕ್ಕು ಬಂದಿದೆ ಅಂದರೆ ಒಂದಿಷ್ಟು ಹಣ ವಾಪಸ್ ಪಡೆದು ಇಟ್ಟುಕೊಳ್ಳುವುದೇ ಲಾಭ. ಬದಲಿ ಮಷೀನೂ ಅದೇ ದಾರಿಯಲ್ಲಿ, ಅಂಥದೇ ಡಬ್ಬದಲ್ಲಿ ಬರುತ್ತದೆ ಅಲ್ವಾ? ಕೈಚಕ್ರ, ಹಿಡಿ, ಪುಲ್ಲಿ, ಸ್ವಿಚ್ಚು ಮುರಿದಿದ್ದರೆ ಆ ಭಾಗ ಮಾತ್ರ ಕಳಿಸಲು ಹೇಳಿ. ಭಾಗ ಬಂದು ಕೂರಿಸಿ ಪರೀಕ್ಷಿಸುವ ತನಕ "ಸಮಸ್ಯೆ ಬಗೆಹರಿದಿದೆ" ಅಂತ ಮಾತ್ರ ಬರೆದು ಕೊಡಬೇಡಿ.

ಬೆಡ್ಡು, ಕಂಬ, ಹೆಡ್ಡು, ಬೇಸು ಹೀಗೆ ಮಷೀನಿನ ನೇರ ನಿಲುವು ನಿಂತಿರುವ ಭಾಗ ಸೀಳಿದ್ದರೆ ರಾಜಿ ಬೇಡ. "ವೆಲ್ಡ್ ಮಾಡಿಸಿ, ಖರ್ಚು ಕೊಡ್ತೀವಿ" ಅನ್ನುವ ಮಾತು ಬರಬಹುದು. ಬೀಡನ್ನು ವೆಲ್ಡ್ ಮಾಡಬಹುದು, ಇಲ್ಲ ಅಂತಲ್ಲ. ಮೊದಲೇ ಕಾಯಿಸಿ, ನಿಕ್ಕಲ್ ರಾಡು ಬಳಸಿ, ನಿಧಾನ ತಣಿಸುವ ನುರಿತ ಕೈ ಬೇಕು. ಹಾಗೆ ಮಾಡಿದರೂ ಕಾವಿಗೆ ಎರಕ ಸೊಟ್ಟಗಾಗುತ್ತದೆ, ನುಣುಪು ಮಾಡಿದ ಮೇಲ್ಮೈಯನ್ನು ಮತ್ತೆ ಕೊರೆಯಬೇಕಾಗುತ್ತದೆ. ಹಳೆಯ ಮಷೀನಿಗೆ ಅದು ರಿಪೇರಿ. ಹೊಸ ಮಷೀನಿಗೆ ಅದು ಮೋಸ ಅಂತಲೇ ನಾನು ಹೇಳುತ್ತೇನೆ.

ದೂರು ಬರೆಯುವಾಗ ಸಿಟ್ಟನ್ನು ಬದಿಗಿಡಿ. ಬಂದ ದಿನ, ಚೀಟಿಯ ಸಂಖ್ಯೆ, ಚೀಟಿಯಲ್ಲಿ ಬರೆದ ಷರಾ, ಕಂಡ ಹಾನಿ, ನಿಮಗೆ ಬೇಕಾದ ಪರಿಹಾರ, ಇಷ್ಟು ಸಾಕು. ಫೋನಿನಲ್ಲಿ ಮಾತಾಡಿದ್ದರೂ ಅದೇ ದಿನ ಬರಹದಲ್ಲಿ ಕಳಿಸಿ. ಮಾರಿದವರಿಗೂ ಸಾಗಿಸಿದವರಿಗೂ, ವಿಮೆ ಇದ್ದರೆ ಅವರಿಗೂ ಒಟ್ಟಿಗೇ ಹೋಗಲಿ. ಒಬ್ಬರ ಉತ್ತರಕ್ಕೆ ಕಾಯುತ್ತಾ ಕೂತರೆ ಇನ್ನೊಬ್ಬರ ಗಡುವು ಮುಗಿಯುತ್ತದೆ. ವಿಮೆಯವರು ಬಂದು ನೋಡುವ ಸಂದರ್ಭ ಇದ್ದರೆ ಅಲ್ಲಿಯ ತನಕ ಮಷೀನನ್ನು ಬಿಚ್ಚಿ ಹರಡಬೇಡಿ.

ವಾಪಸ್ ಕಳಿಸುವುದು ಅಂತ ತೀರ್ಮಾನವಾದರೆ ಯಾರ ಖರ್ಚಿನಲ್ಲಿ, ಯಾರ ಲಾರಿಯಲ್ಲಿ ಅಂತ ಮೊದಲು ಬರಹದಲ್ಲಿ ಪಡೆಯಿರಿ. ಪುಡಿಯಾದ ಥರ್ಮಾಕೋಲಿನಲ್ಲೇ ಮತ್ತೆ ಕಟ್ಟಿದರೆ ಈ ಸಲ ಪ್ಯಾಕಿಂಗ್ ಸಾಲದು ಅನ್ನುವ ಮಾತು ನಿಮ್ಮ ಮೇಲೇ ಬರುತ್ತದೆ. ಹೊಸ ಫೋಮ್ ಕೇಳಿ ತರಿಸಿಕೊಳ್ಳಿ. ಹೆಡ್ಡನ್ನು ಆದಷ್ಟು ಕೆಳಗಿಳಿಸಿ ಬಿಗಿ ಮಾಡಿ, ಬಿಡಿ ಭಾಗಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಎತ್ತಿದಾಗ ಒಳಗೆ ಏನೂ ಅಲುಗದಂತೆ ಕಟ್ಟಿ. ಮುಚ್ಚಳ ಹಾಕುವ ಮುಂಚೆ ಒಂದು ಫೋಟೊ, ಗಾಡಿಗೆ ಹತ್ತಿಸಿದ ಮೇಲೆ ಇನ್ನೊಂದು. ಒಯ್ಯಲು ಬಂದವರಿಂದ ಸಹಿ ಇರುವ ರಸೀದಿ ಪಡೆಯಿರಿ.